ವಿಮಾನ ಹತ್ತದ ಟಿಕೆಟ್ ಅಕ್ಕೋರು

ಅಕ್ಕೋರು ತೀರಿಕೊಂಡ ಹನ್ನೊಂದನೆಯ ದಿನ, ಅವರ ತಂಗಿಯ ಮನೆಯ ಹಿತ್ತಲಲ್ಲಿ ಊಟಕ್ಕೆ ಕೂತವರೆಲ್ಲ ವಿಮಾನದ ಸೀಟುಗಳ ಬಗ್ಗೆ ಮಾತಾಡುತ್ತಿದ್ದರು. ಹಳಿಯಾಳದ ಒಬ್ಬ ಫಿಟ್ಟರ್, ಬಹಳ ವರ್ಷ ಕೊಲ್ಲಿ ದೇಶದಲ್ಲಿ ದುಡಿದು ಬಂದವನು, ಎಲೆಯ ಮುಂದೆ ಕೂತಲ್ಲೇ ಮೊಣಕಾಲನ್ನು ಗದ್ದದ ತನಕ ಎತ್ತಿ ತೋರಿಸಿ, "ಆ ಬನ್ನಿನ ಇಮಾನದಾಗ ಹಿಂಗ ಕುಂತ ಬಂದೆ ನೋಡ್ರಿ. ಅಕ್ಕೋರು ಬ್ಯಾಡ ಅಂದಿದ್ರು, ನಾನ ಕೇಳಲಿಲ್ಲ" ಎಂದ. ಜೋಯಿಡಾ ಕಡೆಯ ಕೊಂಕಣಿ ಮಾತಿನ ಅಡುಗೆಯವನೊಬ್ಬ, ಖರ್ಜೂರದ ವಿಮಾನದಲ್ಲಿ ಅನ್ನವೇನೋ ಬಿಸಿಯಾಗಿರುತ್ತದೆ, ಆದರೆ ಎರಡನೆಯ ಸಲ ನೀರು ಕೇಳಿದರೆ ಹುಡುಗಿಯರು ಮುಖ ಗಂಟಿಕ್ಕುತ್ತಾರೆ ಎಂದ. ಹೊರಗಿನವರು ಯಾರಾದರೂ ಕೇಳಿಸಿಕೊಂಡಿದ್ದರೆ, ಸಾವಿನ ಮನೆಯಲ್ಲಿ ಇದೇನು ಮಾತು ಅಂದುಕೊಳ್ಳುತ್ತಿದ್ದರು. ನಮ್ಮ ದಾಂಡೇಲಿಯಲ್ಲಿ ಅವರನ್ನು ನೆನೆಯುವ ರೀತಿಯೇ ಅದು. ನಾನು ಪಲ್ಯ ಬಡಿಸುತ್ತಿದ್ದೆ. ನನ್ನ ಹತ್ತಿರವೂ ಹೇಳುವುದಿತ್ತು. ಹೇಳಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಊರಲ್ಲಿ ಎಷ್ಟು ಜನರಿಗೆ ಗುರುತು ಹತ್ತೀತೋ ಗೊತ್ತಿಲ್ಲ. ಎಲ್ಲರಿಗೂ ಅವರು ಟಿಕೆಟ್ ಅಕ್ಕೋರು. ಅಕ್ಕೋರು ಅಂದರೆ ನಮ್ಮ ಕಡೆ ಶಾಲೆ ಕಲಿಸುವ ಹೆಂಗಸು. ಅವರು ಒಂದು ದಿನವೂ ಶಾಲೆ ಕಲಿಸಿದವರಲ್ಲ. ಬಸ್ ನಿಲ್ದಾಣದಿಂದ ಸ್ವಲ್ಪ ಮುಂದೆ, ಝೆರಾಕ್ಸ್ ಅಂಗಡಿಯ ಪಕ್ಕದ ಒಂದೇ ಕೋಣೆಯಲ್ಲಿ ಕೂತು ವಿಮಾನದ ಟಿಕೆಟ್ ತೆಗೆದುಕೊಡುತ್ತಿದ್ದರು. ಆದರೆ ಟಿಕೆಟ್ ತೆಗೆಯುವ ಮೊದಲು ಅವರು ಕೇಳುತ್ತಿದ್ದ ಪ್ರಶ್ನೆಗಳ ಮುಂದೆ ಮೀಸೆ ಹೊತ್ತ ಗಂಡಸರೂ ಪರೀಕ್ಷೆಗೆ ಕೂತವರ ಹಾಗೆ ತಡವರಿಸುತ್ತಿದ್ದರು. ಆ ಹೆಸರು ಅದಕ್ಕೇ ಬಂದಿರಬೇಕು.

ಚಿಕ್ಕವರಿದ್ದಾಗ ಬಂದ ಪೋಲಿಯೋದಿಂದ ಅವರ ಎಡಗಾಲು ಸಣಕಲಾಗಿತ್ತು. ಪ್ರತಿ ಹೆಜ್ಜೆಗೂ ಎಡಗೈಯಿಂದ ತೊಡೆಯನ್ನು ಒತ್ತಿ ಹಿಡಿದು ನಡೆಯುತ್ತಿದ್ದರು. ಬಸ್ಸಿನಲ್ಲಿ, ಬ್ಯಾಂಕಿನ ಬೆಂಚಿನ ಮೇಲೆ, ಮದುವೆ ಮನೆಯ ಕುರ್ಚಿಯಲ್ಲಿ, ಎಲ್ಲಿ ಕೂರಬೇಕಾದರೂ ಮೊದಲು ನಿಂತು ನೋಡಿ ಲೆಕ್ಕ ಹಾಕಬೇಕಿತ್ತು: ಕಾಲನ್ನು ಯಾವ ಕಡೆ ಇಡುವುದು, ಏಳುವಾಗ ಏನನ್ನು ಹಿಡಿಯುವುದು. ಕೂರುವುದು ಎಷ್ಟು ಕಷ್ಟದ ಕೆಲಸ ಅನ್ನುವುದು ಅವರಷ್ಟು ಚೆನ್ನಾಗಿ ಗೊತ್ತಿದ್ದವರನ್ನು ನಾನು ನೋಡಿಲ್ಲ.

ಅವರ ಕೋಣೆಯಲ್ಲಿ ಎರಡು ಕಬ್ಬಿಣದ ಕುರ್ಚಿಗಳನ್ನು ಒಂದರ ಹಿಂದೆ ಒಂದು ಇಟ್ಟಿದ್ದರು. ನೆಲದ ಮೇಲೆ ಬಣ್ಣ ಬಣ್ಣದ ಟೇಪು ಅಂಟಿಸಿದ್ದರು. ಮುಂದಿನ ಕುರ್ಚಿಯನ್ನು ಕೆಂಪು ಟೇಪಿನ ಮೇಲೆ ನಿಲ್ಲಿಸಿದರೆ ಒಂದು ಕಂಪನಿಯ ಸೀಟು. ನಾಲ್ಕು ಬೆರಳು ಮುಂದೆ ಸರಿಸಿ ಹಸಿರಿನ ಮೇಲೆ ನಿಲ್ಲಿಸಿದರೆ ಇನ್ನೊಂದರದು. ಗಿರಾಕಿಯನ್ನು ಹಿಂದಿನ ಕುರ್ಚಿಯಲ್ಲಿ ಕೂರಿಸಿ, "ಈಗ ನಿದ್ದಿ ಮಾಡ್ರಿ ನೋಡೂಣು" ಅನ್ನುತ್ತಿದ್ದರು. ಮೊಣಕಾಲು ತಾಗಿದವರಿಗೆ ಆ ಕಂಪನಿಯ ಟಿಕೆಟ್ ಕೊಡುತ್ತಿರಲಿಲ್ಲ.

ಕಂಪನಿಗಳ ನಿಜವಾದ ಹೆಸರು ನಮ್ಮ ಜನರ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಒಂದರಲ್ಲಿ ಒಣಗಿದ ಬನ್ನು ಕೊಡುತ್ತಿದ್ದರು, ಅದು ಬನ್ನಿನ ವಿಮಾನ. ಒಂದರಲ್ಲಿ ಹತ್ತಿದ ಕೂಡಲೇ ಎರಡು ಖರ್ಜೂರ ಕೈಗಿಡುತ್ತಿದ್ದರು, ಅದು ಖರ್ಜೂರದ್ದು. ಆಮೇಲೆ ಗೋವೆಯಿಂದ ಹೊಸದಾಗಿ ಶುರುವಾದದ್ದು ನೀಲಿ ಕಂಬಳಿ. ಅಕ್ಕೋರೂ ಅದೇ ಹೆಸರುಗಳನ್ನು ಹಿಡಿದು ಮಾತಾಡುತ್ತಿದ್ದರು.

ವಯಸ್ಸಾದ ಗಂಡಸರು ಬಂದರೆ ಮೊದಲ ಪ್ರಶ್ನೆ: "ರಾತ್ರಿ ಎಷ್ಟ ಸಲ ಏಳ್ತೀರಿ?" ಅವರು ನಾಚಿಕೊಂಡು ಹೆಂಡತಿಯ ಮುಖ ನೋಡುತ್ತಿದ್ದರು. ಹೆಂಡತಿ "ನಾಕ ಸಲರೀ" ಅಂದರೆ, ಅಕ್ಕೋರು ನಡುವಿನ ಓಣಿಯ ಪಕ್ಕದ ಸೀಟು ಹಿಡಿಯುತ್ತಿದ್ದರು. ಕಿಟಕಿಯ ಸೀಟು ಬೇಕು ಅಂತ ಹಟ ಹಿಡಿದವರಿಗೆ ಹೇಳುತ್ತಿದ್ದದ್ದು ಒಂದೇ ಮಾತು: "ಕಿಡಕಿ ಯಾರರ ಕೊಡ್ತಾರ. ಕರದ್ರ ಯಾರ ಬರ್ತಾರ ಅನ್ನೂದನ್ನ ನೋಡಬೇಕ್ರಿ." ಗೋವೆಗೆ ಕಾರಿನಲ್ಲಿ ಹೊರಟವರಿಗೆ, "ಅನಮೋಡ ಘಾಟ ಇಳಿಯೂ ತನಕ ಏನೂ ತಿನ್ನಬ್ಯಾಡ್ರಿ, ಇಮಾನಕ್ಕಿಂತ ಮೊದಲ ವಾಂತಿ ಆಕ್ಕೈತಿ" ಎಂದು ಎಚ್ಚರಿಸುತ್ತಿದ್ದರು.

ಇಷ್ಟೆಲ್ಲ ತಿಳಿದಿದ್ದ ಅವರು ಸ್ವತಃ ಒಮ್ಮೆಯೂ ವಿಮಾನ ಹತ್ತಿರಲಿಲ್ಲ. ಮುಂಡಗೋಡದ ಟಿಬೆಟನ್ ಕಾಲೊನಿಯ ಒಬ್ಬ ಹಿರಿಯ ಲಾಮಾ, ವರ್ಷಕ್ಕೆ ಎರಡು ಸಲ ಪರದೇಶಕ್ಕೆ ಹೋಗುವವರು, ಒಮ್ಮೆ ಅವರನ್ನೇ ಕೇಳಿದರಂತೆ, ನೀವೇಕೆ ಒಂದು ಸಲ ಹೋಗಿ ನೋಡಬಾರದು ಎಂದು. "ನಾ ಹೋದ್ರ ನಂದೊಂದ ಮಾತ ಆಕ್ಕೈತಿ. ಈಗ ನನ್ನ ಕಡೆ ಊರ ಮಂದೀದ ಐತಲ್ಲ" ಅಂದರಂತೆ ಅಕ್ಕೋರು. ಅದು ನಿಜ. ಹೋಗಿ ಬಂದ ಪ್ರತಿಯೊಬ್ಬರೂ ಅವರ ಮುಂದೆ ಕೂತು ವರದಿ ಒಪ್ಪಿಸಬೇಕಿತ್ತು. ತಲೆಯ ಮೇಲಿನ ಗುಂಡಿ ಒತ್ತಿದ ಮೇಲೆ ಎಷ್ಟು ಎಣಿಸುವಷ್ಟರಲ್ಲಿ ಜನ ಬಂದರು? ಸಸ್ಯಾಹಾರ ಅಂತ ಹೇಳಿದ್ದರೆ ಏನು ಕೊಟ್ಟರು? ಅಳುವ ಕೂಸಿನ ತಾಯಿಯನ್ನು ಹೇಗೆ ನಡೆಸಿಕೊಂಡರು? ಸಂಡಾಸಿನ ಬಾಗಿಲಲ್ಲಿ ಕಾಲು ಮಡಚಲಾಗದವರು ತಿರುಗಬಹುದೇ? ಅವರು ಎಲ್ಲರ ಮಾತನ್ನೂ ನಂಬುತ್ತಿದ್ದರು, ಆದರೆ ಲಾಮಾಗಳ ಮಾತಿಗೆ ಒಂದು ತೂಕ ಹೆಚ್ಚು. "ಅವರು ಸುಳ್ಳ ಹೇಳೂದಿಲ್ಲ. ಚಂದ ಮಾಡಿನೂ ಹೇಳೂದಿಲ್ಲ" ಅನ್ನುತ್ತಿದ್ದರು. ಲಾಮಾಗಳ ನಂತರ ಅವರು ಅಷ್ಟೇ ನಂಬಿದ್ದು ನನ್ನನ್ನು.

ನಾನು ದಾಂಡೇಲಿಗೆ ಹತ್ತಿಕೊಂಡ ಅಂಬೇವಾಡಿಯವಳು, ನರ್ಸು. ಹುಬ್ಬಳ್ಳಿಯಲ್ಲಿ ಕಲಿತು, ಅಲ್ಲೇ ಎರಡು ಆಸ್ಪತ್ರೆಗಳಲ್ಲಿ ದುಡಿದು, ಕೊಲ್ಲಿ ದೇಶದ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಾಗ ನನಗೆ ಇಪ್ಪತ್ತಾರು. ಟಿಕೆಟ್ಟಿಗೆ ಅಪ್ಪನ ಜೊತೆ ಅಕ್ಕೋರ ಹತ್ತಿರ ಹೋದೆ. ನೀಲಿ ಕಂಬಳಿ ಆಗಷ್ಟೇ ಶುರುವಾಗಿತ್ತು. ಗೋವೆಯಲ್ಲಿ ಹತ್ತಿ, ಪರದೇಶದ ಒಂದು ದೊಡ್ಡ ನಿಲ್ದಾಣದಲ್ಲಿ ಇಳಿದು, ಬೇರೆ ವಿಮಾನ ಹಿಡಿಯಬೇಕು. ಅದರ ಬಗ್ಗೆ ಅವರ ಹತ್ತಿರ ಯಾರ ವರದಿಯೂ ಇರಲಿಲ್ಲ.

"ನೀ ನರ್ಸ ಅದೀ. ನಿನ್ನ ಕಣ್ಣಿಗೆ ಕಾಣೂದ ಬ್ಯಾರೇದಾವ್ರಿಗೆ ಕಾಣೂದಿಲ್ಲ" ಎಂದು ನನ್ನ ಕೈ ಹಿಡಿದು ಹೇಳಿದರು. "ನಡುವ ಇಳೀತಿ ನೋಡು, ಅಲ್ಲಿ ಗಾಲಿ ಕುರ್ಚಿ ಮ್ಯಾಲೆ ಕುಂತ ಮುದುಕರನ್ನ ನೋಡ್ಕೊಂಡ ಬಾ. ಯಾರ ದೂಡ್ತಾರ? ದೂಡಿದಾಂವ ಕೂಡೇ ಇರ್ತಾನೋ, ಬಿಟ್ಟ ಹೋಗ್ತಾನೋ? ನೀರ ಕೊಡ್ತಾರೇನ? ಒಂದಕ್ಕ ಹೋಗ್ತೀರೇನ ಅಂತ ಯಾರರ ಕೇಳ್ತಾರೇನ? ಈ ನಾಕ ಹೇಳ. ಸೀಟಿಂದು ನಾ ಬ್ಯಾರೇದಾವ್ರನ್ನ ಕೇಳ್ತೇನಿ."

ಆಗಲಿ ಅಕ್ಕೋರ ಎಂದೆ. ಹೋಗುವಾಗ ದಾರಿಯುದ್ದಕ್ಕೂ ಅತ್ತೆ. ಅಲ್ಲಿ ಇಳಿದಾಗ ನನ್ನ ಗೇಟು ಎಲ್ಲಿ ಅನ್ನುವುದೇ ದೊಡ್ಡ ಚಿಂತೆಯಾಗಿತ್ತು. ಅದನ್ನು ಯಾರಾದರೂ ಮನ್ನಿಸಬಹುದು. ಎರಡು ವರ್ಷದ ಮೇಲೆ ರಜೆಗೆ ಬರುವಾಗಿನದಕ್ಕೆ ಏನೂ ನೆಪ ಇಲ್ಲ. ಆ ನಿಲ್ದಾಣದಲ್ಲಿ ನನಗೆ ಮೂರು ತಾಸು ಇತ್ತು. ಮೂರೂ ತಾಸು ಅತ್ತರಿನ ಅಂಗಡಿಗಳಲ್ಲಿ ಕಳೆದೆ. ಎರಡೂ ಮಣಿಕಟ್ಟಿಗೆ, ಮೊಣಕೈಗೆ, ಕಡೆಗೆ ದುಪಟ್ಟಾದ ತುದಿಗೂ ಹಚ್ಚಿ ಹಚ್ಚಿ ನೋಡಿದೆ. ಒಂದು ಅಂಗಡಿಯಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಒಂದು ಅಗಲವಾದ ಕಂಬವಿತ್ತು. ಅದರ ಪಕ್ಕ ಆರೇಳು ಗಾಲಿ ಕುರ್ಚಿಗಳು ಸಾಲಾಗಿ ನಿಂತಿದ್ದವು. ಪ್ರತಿಯೊಂದರಲ್ಲೂ ಒಬ್ಬೊಬ್ಬ ಮುದುಕರು, ತೊಡೆಯ ಮೇಲೆ ಚೀಲ. ಹತ್ತಿರ ಯಾರೂ ಇರಲಿಲ್ಲ. ಒಬ್ಬ ಮುದುಕಿ ನನ್ನ ಕಡೆ ಕೈ ಎತ್ತಿದಂತೆ ಅನಿಸಿತು. ನಾನು ಎರಡು ಸಲ ಆ ಕಂಬದ ಪಕ್ಕದಲ್ಲೇ ಹಾದುಹೋದೆ.

ದಾಂಡೇಲಿಗೆ ಬಂದ ಮೂರನೆಯ ದಿನ ಹೊಸ ಚೂಡಿದಾರ, ಹೊಸ ಗಡಿಯಾರ ಹಾಕಿಕೊಂಡು ಅಕ್ಕೋರ ಕೋಣೆಗೆ ಹೋದೆ. ಐದಾರು ಜನ ಕೂತಿದ್ದರು. ಅಕ್ಕೋರು ತೊಡೆಯನ್ನು ಒತ್ತಿಕೊಂಡು ಎದ್ದು ನಿಂತು ನನಗೆ ತಮ್ಮ ಕುರ್ಚಿಯನ್ನೇ ಕೊಟ್ಟರು. "ಈಕೀನ ನೋಡ್ರಿ ನಾ ಹೇಳಿದ್ದ ನರ್ಸ" ಎಂದು ಅಲ್ಲಿದ್ದ ತಾಯಿ ಮಗನಿಗೆ ತೋರಿಸಿದರು.

ಅವರು ಮಳಗಿಯಿಂದ ಬಂದವರು. ಹೊಲಮನೆಯ ಜನ, ಹಣೆಯ ತುಂಬ ವಿಭೂತಿ. ಕೊಲ್ಲಿಯಲ್ಲಿದ್ದ ಮಗಳ ಬಾಣಂತನಕ್ಕೆ ತಾಯಿ ಒಬ್ಬಳೇ ಹೋಗಬೇಕಿತ್ತು. ಅರವತ್ತೈದು ದಾಟಿದ ಹೆಂಗಸು, ಎರಡೂ ಮೊಣಕಾಲು ಹಿಡಿದಿದ್ದವು, ಕನ್ನಡ ಬಿಟ್ಟು ಬೇರೆ ಮಾತು ಬಾರದು. ದಾರಿಗಳು ಎರಡು. ಒಂದು ಮುಂಬೈ ಮೇಲೆ, ಬನ್ನಿನ ವಿಮಾನದಲ್ಲಿ. ಸೀಟು ಇಕ್ಕಟ್ಟು, ಆದರೆ ಮುಂಬೈಯಲ್ಲಿ ಕನ್ನಡ ಬಲ್ಲವರು ಒಬ್ಬರಾದರೂ ಸಿಗುತ್ತಾರೆ. ಇನ್ನೊಂದು ನೀಲಿ ಕಂಬಳಿ. ಸೀಟು ಅಗಲ, ಮೊಣಕಾಲಿಗೆ ಸುಖ, ಆದರೆ ನಡುವೆ ಆ ನಿಲ್ದಾಣ. ಅಕ್ಕೋರು ಮುಂಬೈ ಕಡೆಗೇ ವಾಲಿದ್ದರು. ನಾನು ಬರುವುದು ಗೊತ್ತಿದ್ದರಿಂದ ಎರಡು ದಿನ ತಡೆದಿದ್ದರಂತೆ.

"ಈಗ ಹೇಳವಾ. ಕಂಡಂಗ ಹೇಳ" ಎಂದರು.

ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನೋಡಲಿಲ್ಲ ಅಕ್ಕೋರ, ಅಂಗಡಿ ತಿರುಗುತ್ತಿದ್ದೆ ಎಂದು ಹೇಳಲು ಒಂದು ಗಳಿಗೆ ಇತ್ತು. ಅದು ದಾಟಿಹೋಯಿತು.

"ಭಾಳ ಛಲೋ ನೋಡ್ಕೋತಾರ್ರಿ ಅಕ್ಕೋರ. ಒಬ್ಬೊಬ್ಬರಿಗೆ ಒಬ್ಬೊಬ್ಬ ಮನಷಾ ಇರ್ತಾನ್ರಿ. ನೀರ ಕೊಡ್ತಾರ, ಒಂದಕ್ಕ ಕರಕೊಂಡ ಹೋಗ್ತಾರ. ಮುಂದಿನ ಇಮಾನದಾಗ ಕುಂಡ್ರಿಸಿನ ಹೋಗ್ತಾರ್ರಿ."

"ಖರೇನ? ಕಡೀತನಕ ಕೂಡೇ ಇರ್ತಾನ?"

"ಖರೇರೀ."

ಅಕ್ಕೋರು ಕಣ್ಣು ಮುಚ್ಚಿ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡರು. ಅದು ಅವರ ರೂಢಿ. ಮಗ, "ಸಿಸ್ಟರ್, ನೀವ ಹೇಳಿದ್ದಕ್ಕ ಧೈರ್ಯ ಬಂತ ನೋಡ್ರಿ" ಎಂದ. ತಾಯಿ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. "ನೀ ಕಣ್ಣೀಲೆ ನೋಡ ಬಂದೀ ಅಂದ್ರ ಸಾಕ ನನ್ನವ್ವಾ" ಎಂದಳು. ಗಟ್ಟಿ ಕೈಗಳು. ನನ್ನ ಕೈಯಿಂದ ಅಲ್ಲಿ ಕೊಂಡಿದ್ದ ಅತ್ತರಿನ ವಾಸನೆ ಬರುತ್ತಿತ್ತು. ಅವಳು ಅದನ್ನು ಮೂಸಿ ನಕ್ಕಳು.

ಅಂದೇ ನೀಲಿ ಕಂಬಳಿಯ ಟಿಕೆಟ್ ಆಯಿತು. ತಿಂಗಳ ಮೇಲೆ ನಾನು ತಿರುಗಿ ಕೆಲಸಕ್ಕೆ ಹೋದೆ. ಸುಳ್ಳು ಹೇಳಿದೆ ಅನ್ನುವುದು ಆಗೀಗ ನೆನಪಾಗುತ್ತಿತ್ತು. ಅಷ್ಟು ದೊಡ್ಡ ಕಂಪನಿ, ನೋಡಿಕೊಳ್ಳದೆ ಏನು ಮಾಡುತ್ತಾರೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಮುಂದಿನ ರಜೆಗೆ ಬಂದಾಗ ಅಕ್ಕೋರ ಕೋಣೆಗೆ ಸಂಜೆ ಹೊತ್ತಿಗೆ ಹೋದೆ. ಯಾರೂ ಇರಲಿಲ್ಲ. ಕಬ್ಬಿಣದ ಕುರ್ಚಿಗಳನ್ನು ಗೋಡೆಗೆ ಸರಿಸಿದ್ದರು. ಚಹಾ ತರಿಸಿ, ನನ್ನ ಎದುರು ಕೂತು, ಬಾಗಿಲ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದರು.

"ಮಳಗಿ ಅಜ್ಜಿ ಹೋಗಿ ಬಂದ್ಲು. ಆ ನಿಲ್ದಾಣದಾಗ ಗಾಲಿ ಕುರ್ಚಿ ಮ್ಯಾಲೆ ಕುಂಡ್ರಿಸಿ, ಒಂದ ಕಂಬದ ಕಡೆ ನಿಲ್ಲಿಸಿ, ಆ ಮನಷಾ ಏನೋ ಅಂದು ಹ್ವಾದನಂತ. ನಾಕ ತಾಸ ಬರಲಿಲ್ಲ. ಅಜ್ಜಿಗೆ ಒಂದಕ್ಕ ಬಂತು. ಹೋಗಾವ್ರು ಬರಾವ್ರನ್ನ ತಮ್ಮಾ, ತಂಗೀ ಅಂತ ಕರದ್ಲಂತ. ಯಾರಿಗೆ ತಿಳಿಬೇಕ? ತಾನ ಎದ್ದ ಹೋಗೂಣು ಅಂದ್ರ, ಆಂವ ಬಂದ ಖಾಲಿ ಕುರ್ಚಿ ನೋಡಿ ಇಮಾನ ಬಿಡಿಸಿದ್ರ ಅಂತ ಅಂಜಿಕಿ. ಕಡೀಕ ಕುಂತಲ್ಲೇ ಆಗಿಹೋತು."

ನಾನು ಲೋಟವನ್ನು ಹಿಡಿದೇ ಇದ್ದೆ.

"ಹಸೀ ಸೀರೀಲೇ ಎರಡನೇ ಇಮಾನ ಹತ್ತಿಸ್ಯಾರ. ಬಾಜೂಕ ಕುಂತಾಕಿ ಮೂಗ ಮುಚ್ಚಿಕೊಂಡ ಎದ್ದ ಹ್ವಾದ್ಲಂತ. ಅಳಿಯನ ಮುಂದ ಹಂಗ ಇಳದ್ಲು. ಅರವತ್ತ ವರ್ಷ ಮಡೀಲೆ ಬಾಳಿದಾಕಿ. ಮಗಗೂ ಹೇಳಿಲ್ಲ. ನನ್ನ ಮುಂದ ಹೇಳಿದ್ಲು, ಮತ್ಯಾರಿಗೂ ಈ ಇಮಾನ ಕೊಡಬ್ಯಾಡ್ರಿ ಅನ್ನಾಕ." ಆಮೇಲೆ ಅಂದರು: "ತಪ್ಪ ನಂದ. ನಿನಗ ನಾಕ ಪ್ರಶ್ನೆ ಕೊಟ್ಟಿದ್ದೆ. ಐದನೇದ ಕೇಳಬೇಕಾಗಿತ್ತು. ಮಾತ ಬರಲಾರದಾವ್ರು ಅಲ್ಲಿ ಹೆಂಗ ಇರ್ತಾರ ಅಂತ. ನಿನಗ ಇಂಗ್ಲಿಷ್ ಬರ್ತೈತಿ, ನಿನಗ ಎಲ್ಲಾ ಛಲೋನ ಕಂಡಿರ್ತೈತಿ. ನೀ ಕಂಡದ್ದ ಹೇಳಿದಿ. ನಾ ಕೇಳೂದ ತಪ್ಪಿದೆ."

ಆಗಲಾದರೂ ಹೇಳಬೇಕಿತ್ತು. ಅವರು ನನ್ನ ಎದುರಿಗೇ ಇದ್ದರು, ಬೇರೆ ಯಾರೂ ಇರಲಿಲ್ಲ, ಬಾಗಿಲು ಅರ್ಧ ಮುಚ್ಚಿತ್ತು. ನಾನು ಹೇಳಿದ್ದು ಇದು: "ಅಲ್ಲಿ ಕೆಲಸದಾವ್ರು ಬದಲಾಗ್ತಾರ್ರಿ ಅಕ್ಕೋರ. ಒಂದೊಂದ ದಿನ ಹಂಗ ಆಕ್ಕೈತಿ." ಹೇಳಿ ಚಹಾ ಕುಡಿದು ಮುಗಿಸಿದೆ.

ಆಮೇಲೆ ಅಕ್ಕೋರು ಬದಲಾದದ್ದನ್ನು ಊರೆಲ್ಲ ನೋಡಿತು, ಯಾಕೆಂದು ಯಾರಿಗೂ ತಿಳಿಯಲಿಲ್ಲ. ಯಾವ ವಿಮಾನ ಛಲೋ ಎಂದು ಕೇಳಿದರೆ ಕಂಪ್ಯೂಟರನ್ನು ಗಿರಾಕಿಯ ಕಡೆ ತಿರುಗಿಸಿ, "ಇಲ್ಲಿ ಐತಿ ನೋಡ್ರಿ, ನೀವ ಆರಿಸ್ರಿ" ಅನ್ನತೊಡಗಿದರು. ಕುರ್ಚಿಗಳು ಗೋಡೆ ಬಿಟ್ಟು ಮುಂದೆ ಬರಲಿಲ್ಲ. ನೆಲದ ಟೇಪುಗಳು ಗುಡಿಸಿ ಗುಡಿಸಿ ಕಿತ್ತುಹೋದವು. ಹೋಗಿ ಬಂದವರು ಹಳೆಯ ಅಭ್ಯಾಸದಿಂದ ವರದಿ ಹೇಳಲು ಬಂದರೆ ಕೇಳುತ್ತಿದ್ದರು, ಆದರೆ ಕಣ್ಣು ಮುಚ್ಚಿ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ನಿಂತಿತು. ಬರಬರುತ್ತ ಜನ ತಮ್ಮ ಮೊಬೈಲಿನಲ್ಲೇ ಟಿಕೆಟ್ ತೆಗೆಯುವುದನ್ನು ಕಲಿತರು. ಮೊಬೈಲು ಬಂದದ್ದರಿಂದ ಅಕ್ಕೋರ ವ್ಯಾಪಾರ ಹೋಯಿತು ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ಹೇಳುತ್ತಿದ್ದೆ.

ಒಂದು ಕೆಲಸವನ್ನು ಮಾತ್ರ ಅವರು ಹೊಸದಾಗಿ ಹಿಡಿದರು. ಅಂಗೈಯಗಲದ ರಟ್ಟಿನ ಚೀಟಿಗಳನ್ನು ಮಾಡಿ, ಒಂದರ ಮೇಲೆ ನೀರಿನ ಲೋಟ, ಒಂದರ ಮೇಲೆ ಸಂಡಾಸಿನ ಬಾಗಿಲು, ಒಂದರ ಮೇಲೆ ಗುಳಿಗೆ ಬರೆದು, ಕೆಳಗೆ ಇಂಗ್ಲಿಷಿನಲ್ಲೂ ಅರಬ್ಬಿಯಲ್ಲೂ ಬರೆಸಿದರು. ಅರಬ್ಬಿ ಬರೆದುಕೊಟ್ಟವರು ಹಳಿಯಾಳದ ಮದರಸಾದ ಒಬ್ಬ ಹಿರಿಯರು. ಅವನ್ನು ದಾರಕ್ಕೆ ಪೋಣಿಸಿ, ಒಬ್ಬರೇ ಹೋಗುವ ಮುದುಕರ ಕೊರಳಿಗೆ ತಾವೇ ಹಾಕುತ್ತಿದ್ದರು. ಅವರಿಂದ ಟಿಕೆಟ್ ತೆಗೆಯದವರಿಗೂ ಹಾಕುತ್ತಿದ್ದರು.

ನಾನು ಮುಂದಿನ ರಜೆಗಳಲ್ಲಿ ಆ ರಸ್ತೆಯನ್ನು ತಪ್ಪಿಸಿ ಓಡಾಡಿದೆ. ನನ್ನ ಟಿಕೆಟ್ ನಾನೇ ತೆಗೆಯುತ್ತಿದ್ದೆ. ಅವರು ಅಮ್ಮನ ಹತ್ತಿರ ಕೇಳುತ್ತಿದ್ದರಂತೆ, ನರ್ಸಬಾಯಿ ಬಂದಾಳೇನ, ಆರಾಮ ಅದಾಳೇನ ಎಂದು.

ಮೂರು ವರ್ಷದ ಹಿಂದೆ ಅಲ್ಲಿಯ ಕೆಲಸ ಬಿಟ್ಟು ಬಂದೆ. ಇಲ್ಲೇ ಒಂದು ದವಾಖಾನೆಯಲ್ಲಿ ಸೇರಿಕೊಂಡೆ. ಹೋದ ವರ್ಷ ಅಕ್ಕೋರ ತಂಗಿ ಹುಡುಕಿಕೊಂಡು ಬಂದರು. ಇಷ್ಟು ವರ್ಷ ಮೈಯ ಭಾರವನ್ನೆಲ್ಲ ಹೊತ್ತ ಅಕ್ಕೋರ ಬಲಗಾಲಿನ ಅಂಗಾಲಿನಲ್ಲಿ ಹುಣ್ಣಾಗಿತ್ತು, ಸಕ್ಕರೆ ಕಾಯಿಲೆಯಿಂದ ಮಾಯುತ್ತಿರಲಿಲ್ಲ. ದಿನಾ ಬಂದು ಪಟ್ಟಿ ಕಟ್ಟಬೇಕಿತ್ತು. ಒಪ್ಪಿಕೊಂಡೆ. ಮಳೆಗಾಲ ಪೂರ್ತಿ, ಡ್ಯೂಟಿ ಮುಗಿಸಿ ತಂಗಿಯ ಮನೆಗೆ ಹೋಗಿ, ಅವರ ಪಾದವನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ತೊಳೆದು ಕಟ್ಟುತ್ತಿದ್ದೆ. ನೋವಾದರೂ ಅವರು ಬಾಯಿ ಬಿಡುತ್ತಿರಲಿಲ್ಲ.

ಒಂದು ದಿನ ಪಟ್ಟಿ ಬಿಚ್ಚುತ್ತಿರುವಾಗ ಅಂದರು, "ನಿನ್ನ ಕೈ ಹಗುರ ಐತಿ ನೋಡವಾ. ಆಗ ನಿನಗ ಒಂದ ತಾಪತ್ರಯ ಹಚ್ಚಿದ್ದೆ. ಬ್ಯಾಸರಾಗಿತ್ತೇನ?"

"ಯಾವುದ್ರೀ ಅಕ್ಕೋರ?"

"ಅದ, ಆ ಮುದುಕರನ್ನ ನೋಡ್ಕೊಂಡ ಬಾ ಅಂದದ್ದು."

"ಇಲ್ರಿ" ಎಂದೆ. ತಲೆ ಎತ್ತಲಿಲ್ಲ. ರೋಗಿಯ ಮನಸ್ಸು ಕೆಡಿಸಬಾರದು ಅಂತ ನನಗೆ ನಾನೇ ಹೇಳಿಕೊಂಡೆ. ಹದಿನೆಂಟು ವರ್ಷದ ನರ್ಸಿನ ಕೆಲಸದಿಂದ ಕಲಿತ ನೆಪ ಅದು, ಸಮಯಕ್ಕೆ ಒದಗಿತು. ನಾಲ್ಕು ತಿಂಗಳು, ಒಂದೊಂದು ದಿನವೂ ಅರ್ಧ ತಾಸು, ಅವರ ಪಾದ ನನ್ನ ತೊಡೆಯ ಮೇಲಿತ್ತು. ನನಗೆ ಸಮಯ ಸಿಗಲಿಲ್ಲ ಅನ್ನುವ ಹಾಗಿಲ್ಲ. ನಂಜು ಏರಿ ಹುಬ್ಬಳ್ಳಿಗೆ ಒಯ್ದರು. ಅಲ್ಲಿಂದ ತಿರುಗಿ ಬರಲಿಲ್ಲ.

ಹನ್ನೊಂದನೆಯ ದಿನದ ಊಟಕ್ಕೆ ಮಳಗಿ ಅಜ್ಜಿಯ ಮಗನೂ ಬಂದಿದ್ದ. ತಲೆ ನೆರೆತಿತ್ತು, ನನಗೆ ಗುರುತು ಹತ್ತಲಿಲ್ಲ. ಅವನೇ ನನ್ನನ್ನು ಹಿಡಿದ. "ಸಿಸ್ಟರ್, ಅವ್ವಗ ಬರೂದಾಗಲಿಲ್ಲರೀ. ಸುದ್ದಿ ಕೇಳಿ ಎರಡ ದಿನ ಉಂಡಿಲ್ಲ. ಅಕ್ಕೋರು ನಮ್ಮ ಮನಿಗೆ ಬರ್ತಿದ್ರರಿ, ಆ ಕಾಲ ಎಳಕೊಂಡು. ಯಾಕ ಬರ್ತಿದ್ರು ಅಂತ ನಮಗ ಅವ್ವ ಒಮ್ಮೀನೂ ಹೇಳಲಿಲ್ಲ."

ನನಗೆ ಅದು ಗೊತ್ತಿರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಮುಂದಿನ ರವಿವಾರ ಎರಡು ಬಸ್ಸು ಬದಲಿಸಿ ಮಳಗಿಗೆ ಹೋದೆ.

ಅಜ್ಜಿ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಹುಣಸೆ ಹಣ್ಣಿನ ಬೀಜ ತೆಗೆಯುತ್ತಿದ್ದಳು. ಮಗ ಸೊಸೆ ಹೊಲಕ್ಕೆ ಹೋಗಿದ್ದರು. ನಾನು ಯಾರು ಎಂದು ಹೇಳಿದ ಕೂಡಲೇ ಗುರುತು ಹಿಡಿದಳು. "ಅತ್ತರದ ನರ್ಸಲಾ" ಎಂದು ಕೂರಲು ಚಾಪೆ ತೋರಿಸಿದಳು. ನಾನು ಕೂರುವ ಮೊದಲೇ ಹೇಳಲು ಶುರುಮಾಡಿದೆ, ಕೂತರೆ ಹೇಳಲಾರೆನೋ ಎಂಬ ಭಯದಿಂದ. ನಾನು ಅಲ್ಲಿ ನಿಂತು ಏನೂ ನೋಡಿರಲಿಲ್ಲ ಎಂದೆ. ಕಂಬದ ಪಕ್ಕ ಮುದುಕರನ್ನು ಬಿಟ್ಟುಹೋಗಿದ್ದನ್ನು ಕಂಡೂ ಅಂಗಡಿಗೆ ಹೋದೆ ಎಂದೆ. ಅಕ್ಕೋರಿಗೆ ಹೇಳಿದ್ದೆಲ್ಲ ಸುಳ್ಳು, ಅವರು ಸಾಯುವ ತನಕ ಅದನ್ನು ತಮ್ಮ ತಪ್ಪೆಂದೇ ತಿಳಿದಿದ್ದರು ಎಂದೆ.

ಅಜ್ಜಿ ಬೀಜ ತೆಗೆಯುವುದನ್ನು ನಿಲ್ಲಿಸಿದಳು. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದರೆ ಒಳ್ಳೆಯದಿತ್ತು.

"ಆಕಿ ಮೂರ ಸಲ ಬಂದಿದ್ಲು" ಎಂದಳು. "ಮೂರೂ ಸಲ ಇಲ್ಲೇ, ನೀ ನಿಂತಲ್ಲೇ ನಿಂತು, ನನ್ನಿಂದ ತಪ್ಪಾತರಿ ಅಂದ್ಲು. ಕುಂಡ್ರ ಅನ್ನಲಿಲ್ಲ ನಾ. ಆತ ಬಿಡವಾ ಅಂತ ಒಂದ ಮಾತ ನನ್ನ ಬಾಯಾಗ ಬರಲಿಲ್ಲ. ಬರ್ತಿದ್ದಿಲ್ಲ. ಆ ಸೀರಿ ನೆನಪಾಗೂದು. ಮೂರನೇ ಸಲಕ್ಕ, ಇನ್ನ ಬರಬ್ಯಾಡ್ರಿ ಅಂದೆ. ಆ ಕಾಲ ಎಳಕೊಂಡ ಬಸ್‌ಸ್ಟ್ಯಾಂಡಿಗೆ ಹ್ವಾದ್ಲು. ಇಲ್ಲೇ ಕುಂತ ನೋಡಿದೆ."

ಹುಣಸೆಯ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಒರೆಸುತ್ತಲೇ ಇದ್ದಳು.

"ಆಕೀದ ತಪ್ಪ ಇದ್ದಿದ್ದಿಲ್ಲ ಅಂತೀ ಈಗ. ಈಗ ನಾ ಏನ ಮಾಡ್ಲಿ? ಯಾರಿಗೆ ಹೇಳ್ಲಿ?"

ಹದಿಮೂರು ವರ್ಷ ನಾನು ಹೊತ್ತದ್ದನ್ನು ಇಳಿಸಲು ಬಂದಿದ್ದೆ. ಅದನ್ನು ಇಳಿಸಿದ್ದು ಎಂಬತ್ತರ ಹತ್ತಿರದ ಈ ಮುದುಕಿಯ ತಲೆಯ ಮೇಲೆ ಎಂದು ನನಗೆ ಆಗ ತಿಳಿಯಿತು. ಅವಳಿಗೆ ನಾನು ಮಾಡಿದ ಎರಡನೆಯ ಅನ್ಯಾಯ ಅದು. ಕಾಲು ಹಿಡಿಯಲು ಬಗ್ಗಿದೆ. ಅವಳು ಕಾಲು ಒಳಗೆಳೆದುಕೊಂಡಳು.

"ಆಕಿ ತಂಗಿ ಅದಾಳಲಾ. ಆಕೀಗೆ ಹೇಳೀಯೇನ ಇದನ್ನ?"

"ಇಲ್ಲ ಅಜ್ಜೀ."

"ಮತ್ತ ಮೊದಲ ನನ್ನ ಕಡೆ ಯಾಕ ಬಂದಿ? ನಿನ್ನ ಊರಾಗ ಅದಾಳಲಾ ಆಕಿ."

ನಾನು ಚೀಲ ಹೆಗಲಿಗೇರಿಸಿದೆ. "ಬಸ್ಸಿನ ಹೊತ್ತಾತು, ಹೋಗವಾ" ಎಂದು ಅವಳು ಬುಟ್ಟಿಯನ್ನು ಹತ್ತಿರ ಎಳೆದುಕೊಂಡಳು.

ಅವಳ ಪ್ರಶ್ನೆಗೆ ಉತ್ತರ ಮುಂಡಗೋಡ ದಾಟಿದ ಮೇಲೆ ಬಸ್ಸಿನಲ್ಲಿ ಹೊಳೆಯಿತು. ಮಳಗಿ ದೂರದ ಊರು. ಅಲ್ಲಿ ಹೇಳಿದ್ದು ದಾಂಡೇಲಿಗೆ ತಿಳಿಯುವುದಿಲ್ಲ. ದವಾಖಾನೆಯಲ್ಲಿ ನನ್ನನ್ನು ಎಲ್ಲರೂ ಇನ್ನೂ ಸಿಸ್ಟರ್ ಎಂದೇ ಕರೆಯುತ್ತಾರೆ. ಅಕ್ಕೋರ ಕಾಲಿಗೆ ನಾಲ್ಕು ತಿಂಗಳು ಬಿಡದೆ ಪಟ್ಟಿ ಕಟ್ಟಿದವಳು ಎಂದು ಅವರ ತಂಗಿ ಬಂದವರಿಗೆಲ್ಲ ನನ್ನನ್ನು ಹೊಗಳುತ್ತಾರೆ.

ತಂಗಿಯ ಮನೆ ನನ್ನ ಮನೆಯಿಂದ ನಡೆದರೆ ಹತ್ತು ನಿಮಿಷ. ಮಳಗಿಗೆ ಹೋಗಿ ಬಂದು ಐದು ವಾರವಾಯಿತು.